ಕಾಯಿದೆಯಲ್ಲಿ ಎಲ್ಲವೂ ಸಿಕ್ಕಾಗಿದೆಯಲ್ಲ, ಮಹಿಳೆಯರಿಗೆ ಇನ್ನೇನು ಹೋರಾಟ?

ಬೆಳಗಿನ ಪಾಳಿ:
ಈ ಪ್ರಶ್ನೆ ನನ್ನದಲ್ಲ. ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ. ಕುಹಕದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಮತದಾನದ ಹಕ್ಕಿದೆ, ಓದುವ ಹಕ್ಕಿದೆ, ಆಸ್ತಿಯ ಹಕ್ಕಿದೆ, ಸಮಾನ ವೇತನಕ್ಕೆ ಕಾಯಿದೆ ಇದೆ. ಹಾಗಿದ್ದ ಮೇಲೆ ಪ್ರತಿವರ್ಷ ಮಾರ್ಚ್ 8ರಂದು ಜಗತ್ತಿನಾದ್ಯಂತ ಯಾವುದಕ್ಕಾಗಿ ಮೆರವಣಿಗೆ ಎಂಬುದು ಅವನ ಗೊಂದಲ.

ನಾನು ಅಫ್ಘಾನಿಸ್ತಾನದ ಹೆಸರು ತೆಗೆದೆ. ಅದು ಒಂದು ದೇಶದ ಕಥೆ ಎಂದ. ಪ್ರಪಂಚದಲ್ಲಿ ಸುಮಾರು ಮೂವರಲ್ಲಿ ಒಬ್ಬ ಮಹಿಳೆ ಜೀವನದಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುತ್ತಾಳೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಹೇಳಿದೆ. ಅದು ಅಪರಾಧ, ಅದಕ್ಕೆ ಪೊಲೀಸರು, ನ್ಯಾಯಾಲಯ ಎಲ್ಲ ಇವೆಯಲ್ಲ ಎಂದ. ಅವನ ಪ್ರಕಾರ ನಿಯಮ ಸಮಾನವಾಗಿದ್ದರೆ ಸಮಾನತೆ ಬಂದಂತೆಯೇ.

ನನಗೆ ಅನಿಸುವುದು ಬೇರೆ. ಕಾಯಿದೆ ಬಂದ ಮೇಲೆಯೇ ಅಸಲು ಜಗಳ ಶುರುವಾಗುತ್ತದೆ. ಅದು ನಡೆಯುವುದು ಮನೆಯೊಳಗೆ, ಯಾರ ಸಮಯ ಯಾರದು ಎಂಬ ಲೆಕ್ಕದಲ್ಲಿ. ಮಗುವಿಗೆ ಜ್ವರ ಬಂದಿದೆ ಎಂದು ಶಾಲೆಯಿಂದ ಕರೆ ಬಂದಾಗ ನಮ್ಮ ವಿಭಾಗದಲ್ಲಿ ಚೀಲ ಹೆಗಲಿಗೇರಿಸಿಕೊಂಡು ಏಳುವವರು ಯಾವಾಗಲೂ ಹೆಂಗಸರೇ. ತಂದೆಯ ಮೊಬೈಲ್ ಸಂಖ್ಯೆಯೂ ಶಾಲೆಯ ದಾಖಲೆಯಲ್ಲಿರುತ್ತದೆ. ಆದರೆ ಮೊದಲ ಕರೆ ತಾಯಿಗೇ ಹೋಗುತ್ತದೆ. ಇದನ್ನು ಯಾವ ಕಾಯಿದೆಯ ಯಾವ ಕಲಮಿನಲ್ಲಿ ಹುಡುಕುವುದು?

ನೀವಾಗಿದ್ದರೆ ಅವನಿಗೆ ಏನು ಹೇಳುತ್ತಿದ್ದಿರಿ?

ಹಳೆ ಕಡತ:
ಮೊದಲಿಗೆ, "ಸಿಕ್ಕಾಗಿದೆ" ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಯಾರೂ ತಾವಾಗಿ ಕೊಟ್ಟದ್ದಲ್ಲ. ರಾಷ್ಟ್ರದ ಚುನಾವಣೆಯಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟ ಮೊದಲ ಸ್ವಯಮಾಡಳಿತ ದೇಶ ನ್ಯೂಜಿಲೆಂಡ್, 1893ರಲ್ಲಿ. ಕೇಟ್ ಶೆಪರ್ಡ್ ಮತ್ತು ಅವರ ಸಂಗಾತಿಗಳು ಊರೂರು ಅಲೆದು ಸುಮಾರು 32,000 ಸಹಿಗಳನ್ನು ಕೂಡಿಸಿದರು. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಸುತ್ತಿದರು. ಬಿಚ್ಚಿದರೆ ಅದರ ಉದ್ದ 270 ಮೀಟರ್. ಅದನ್ನು ಸಂಸತ್ತಿನೊಳಗೆ ತಂದು ಸಭಾಂಗಣದ ನಡುವೆ ಉರುಳಿಸಿ ಬಿಚ್ಚಿದ್ದು ಅವರ ಪರವಿದ್ದ ಸಂಸದ ಜಾನ್ ಹಾಲ್. ಇಷ್ಟೆಲ್ಲ ಆದ ಮೇಲೂ ಮೇಲ್ಮನೆಯಲ್ಲಿ ಮಸೂದೆ ಗೆದ್ದದ್ದು 18ರ ವಿರುದ್ಧ 20 ಮತಗಳಿಂದ. ಇಬ್ಬರ ಮನಸ್ಸು ಬದಲಾಗಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು.

ಇನ್ನೊಂದು ಮಾತು. ಮತ ಹಾಕುವ ಹಕ್ಕು ಬಂದರೂ ಅಲ್ಲಿನ ಮಹಿಳೆಯರು ಚುನಾವಣೆಗೆ ನಿಲ್ಲಲು 1919ರವರೆಗೆ ಕಾಯಬೇಕಾಯಿತು. ಮೊದಲ ಮಹಿಳೆ ಗೆದ್ದು ಸಂಸತ್ತಿಗೆ ಬಂದದ್ದು 1933ರಲ್ಲಿ. ಕಾಯಿದೆಗೂ ಬದುಕಿಗೂ ನಡುವೆ 40 ವರ್ಷ.

ಸುಮ್ಮನೆ ಓದುವವಳು:
ಸ್ವಿಟ್ಜರ್ಲೆಂಡ್ ಮರೆಯಬೇಡಿ. ಅಷ್ಟು ಮುಂದುವರಿದ ದೇಶ, 1971ರವರೆಗೆ ಮತವಿಲ್ಲ.

ಕಾನೂನು ವಿದ್ಯಾರ್ಥಿನಿ:
1971 ರಾಷ್ಟ್ರಮಟ್ಟದ ಚುನಾವಣೆಗೆ ಮಾತ್ರ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯದಲ್ಲಿ ಗಂಡಸರು ಬಯಲಿನಲ್ಲಿ ಸೇರಿ ಕೈಯೆತ್ತಿ ಮತ ಹಾಕುವ ಪದ್ಧತಿ. 1990ರ ಏಪ್ರಿಲ್‌ನಲ್ಲೂ ಅವರು ಮಹಿಳೆಯರಿಗೆ ಮತ ಬೇಡವೆಂದೇ ಕೈಯೆತ್ತಿದರು. ಅದೇ ವರ್ಷ ನವೆಂಬರ್‌ನಲ್ಲಿ ಸ್ವಿಸ್ ಫೆಡರಲ್ ನ್ಯಾಯಾಲಯ ಆ ನಿರ್ಧಾರವನ್ನು ತಳ್ಳಿಹಾಕಿ ಹಕ್ಕು ಕೊಡಿಸಿತು. 1959ರಲ್ಲಿ ದೇಶದ ಗಂಡಸರೆಲ್ಲ ಸೇರಿ ಜನಮತಗಣನೆಯಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಇದೇ ಹಕ್ಕನ್ನು ನಿರಾಕರಿಸಿದ್ದರು. ಹಕ್ಕು ಬೇಕಾದವರಿಗೆ ಮತವಿಲ್ಲ, ಮತವಿದ್ದವರಿಗೆ ಆ ಹಕ್ಕಿನ ಅಗತ್ಯವಿಲ್ಲ. ಬಹುಮತವನ್ನೇ ನ್ಯಾಯ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ನೇರನುಡಿ:
ಎಲ್ಲರೂ ಸೇರಿ ಆ ಹುಡುಗನನ್ನು ಮೂಲೆಗೆ ತಳ್ಳುವ ಮೊದಲು ನನ್ನ ಮಾತು ಕೇಳಿ. ನೀವು ಹೇಳುತ್ತಿರುವುದೆಲ್ಲ ಹಳೆಯ ಕಾಲದ್ದು. ಅವನು ಕೇಳಿದ್ದು ಇವತ್ತಿನ ಬಗ್ಗೆ.

ಇವತ್ತು ಕಷ್ಟ ಹೆಂಗಸರಿಗಷ್ಟೇ ಇಲ್ಲ. ಆತ್ಮಹತ್ಯೆಯಿಂದ ಸಾಯುವವರ ಪ್ರಮಾಣ ಜಗತ್ತಿನಲ್ಲಿ ಗಂಡಸರಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಗಣಿಯಲ್ಲಿ, ಕಟ್ಟಡದ ಮೇಲೆ, ಸಮುದ್ರದಲ್ಲಿ ಕೆಲಸ ಮಾಡುತ್ತ ಸಾಯುವವರು ಹೆಚ್ಚಾಗಿ ಗಂಡಸರು. ಯುದ್ಧ ಬಂದರೆ ಕಡ್ಡಾಯ ಸೇನಾ ಭರ್ತಿ ಬಹುತೇಕ ದೇಶಗಳಲ್ಲಿ ಗಂಡಸರಿಗೇ. ಇದನ್ನೆಲ್ಲ ಹೇಳಿದರೆ ಸ್ತ್ರೀವಿರೋಧಿ ಎಂಬ ಹಣೆಪಟ್ಟಿ ಅಂಟಿಸುತ್ತಾರೆ. ನಾನು ವಿರೋಧಿಯಲ್ಲ. ನನಗೂ ಒಬ್ಬಳು ಮಗಳಿದ್ದಾಳೆ. ಸಮಾನತೆ ಎಂದ ಮೇಲೆ ಲೆಕ್ಕ ಎರಡೂ ಕಡೆ ಇರಲಿ ಎನ್ನುವುದಷ್ಟೇ ನನ್ನ ಮಾತು.

ಹಳೆ ಕಡತ:
ಹಳೆಯ ಕಾಲ ಎಷ್ಟು ಹಳೆಯದು ನೋಡೋಣ ಸರ್. ಫ್ರಾನ್ಸಿನಲ್ಲಿ ಮದುವೆಯಾದ ಮಹಿಳೆ ಗಂಡನ ಒಪ್ಪಿಗೆಯಿಲ್ಲದೆ ಕೆಲಸಕ್ಕೆ ಸೇರಲು, ಬ್ಯಾಂಕ್ ಖಾತೆ ತೆರೆಯಲು ಕಾನೂನು ಅನುಮತಿಸಿದ್ದು 1965ರಲ್ಲಿ. ಅಮೆರಿಕದಲ್ಲಿ ಮಹಿಳೆ ಎಂಬ ಕಾರಣಕ್ಕೆ ಸಾಲ ನಿರಾಕರಿಸಬಾರದೆಂಬ ಕಾಯಿದೆ ಬಂದದ್ದು 1974ರಲ್ಲಿ. ಹೆಂಡತಿಯ ಮೇಲೆ ಗಂಡ ಅತ್ಯಾಚಾರ ಮಾಡಿದರೂ ಅದು ಅಪರಾಧವೇ ಎಂದು ಇಂಗ್ಲೆಂಡಿನ ಅತ್ಯುನ್ನತ ಪೀಠ ಹೇಳಿದ್ದು 1991ರಲ್ಲಿ, ಜರ್ಮನಿ ಕಾಯಿದೆ ಬದಲಿಸಿದ್ದು 1997ರಲ್ಲಿ. ಈ ನಿರ್ಬಂಧಗಳ ಕೆಳಗೆ ಬದುಕಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಅಂಕಿಸಂಕಿ:
"ಕಾಯಿದೆ ಈಗ ಎಲ್ಲ ಕಡೆ ಸಮಾನ" ಎಂಬುದೇ ತಪ್ಪು. ವಿಶ್ವಬ್ಯಾಂಕ್ ದೇಶ ದೇಶಗಳ ಕಾಯಿದೆಗಳನ್ನು ಪ್ರತಿಸಲ ಪರಿಶೀಲಿಸುತ್ತದೆ. 2024ರ ವರದಿಯಲ್ಲಿ ಸುರಕ್ಷತೆ ಮತ್ತು ಮಕ್ಕಳ ಪಾಲನೆಯನ್ನೂ ಲೆಕ್ಕಕ್ಕೆ ಸೇರಿಸಿದಾಗ, ಗಂಡಸರಿಗಿರುವ ಕಾನೂನು ರಕ್ಷಣೆಯಲ್ಲಿ ಮಹಿಳೆಯರಿಗೆ ಸಿಗುವುದು ಸರಾಸರಿ 64 ಪ್ರತಿಶತ ಮಾತ್ರ ಎಂದು ಕಂಡುಬಂತು. ಆ ಅಳತೆಗೋಲಿನಲ್ಲಿ ಒಂದೇ ಒಂದು ದೇಶವೂ, ಅತಿ ಶ್ರೀಮಂತ ದೇಶವೂ, ಪೂರ್ಣ ಸಮಾನತೆ ಮುಟ್ಟಿಲ್ಲ.

ನೇರನುಡಿ ಅವರ ಎರಡನೆಯ ಮಾತಿಗೆ: ಗಂಡಸರ ಆತ್ಮಹತ್ಯೆ ನಿಜವಾದ ಸಂಕಟ, ಅದನ್ನು ಹೇಳಿದ್ದಕ್ಕೆ ಯಾರೂ ನಿಮ್ಮನ್ನು ಬಯ್ಯಬಾರದು. ಆದರೆ "ಗಂಡಸು ಅಳಬಾರದು, ದುಡಿದು ಹಾಕುವವನೇ ಗಂಡಸು, ಕೆಲಸ ಹೋದರೆ ಮಾನ ಹೋಯಿತು" ಎಂದು ಹೇಳಿಕೊಟ್ಟವರು ಯಾರು? ಹೆಂಗಸನ್ನು ಮನೆಯೊಳಗೆ ಕೂರಿಸಿದ ಕಟ್ಟುಪಾಡೇ ಅಲ್ಲವೇ? ಎರಡೂ ಒಂದೇ ಬೇರಿನಿಂದ ಬಂದಿವೆ. ಮಹಿಳಾ ಚಳವಳಿ ಅಗೆಯುತ್ತಿರುವುದು ಆ ಬೇರನ್ನೇ.

ನೇರನುಡಿ:
ಬೇರಿನ ಮಾತು ಒಪ್ಪಬಹುದು. ಆದರೆ ಗಂಡಸರಿಗಿಂತ ಹೆಂಗಸರಿಗೆ ಸಂಬಳ ಕಡಿಮೆ ಎಂದು ಎಲ್ಲ ಕಡೆ ಹೇಳುತ್ತಾರಲ್ಲ, ಆ ವೇತನದ ಅಂತರದ ಮಾತು ಮಾತ್ರ ಒಪ್ಪಲಾರೆ. ಹೆಂಗಸರು ಕಡಿಮೆ ಸಂಬಳದ ವೃತ್ತಿ ಆರಿಸಿಕೊಳ್ಳುತ್ತಾರೆ, ಕಡಿಮೆ ಗಂಟೆ ದುಡಿಯುತ್ತಾರೆ, ಆದ್ದರಿಂದ ಸರಾಸರಿ ಕಡಿಮೆ. ಒಂದೇ ಕೆಲಸ, ಒಂದೇ ಹುದ್ದೆ ಹೋಲಿಸಿದರೆ ವ್ಯತ್ಯಾಸ ತೀರಾ ಚಿಕ್ಕದು.

ಅಂಕಿಸಂಕಿ:
ಆರಿಸಿಕೊಳ್ಳುತ್ತಾರೋ, ಬೇರೆ ದಾರಿಯಿಲ್ಲದೆ ಅಲ್ಲಿಗೆ ಬರುತ್ತಾರೋ? ಇದನ್ನೇ ಅಧ್ಯಯನ ಮಾಡಿದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಅವರು ಜಾಲಾಡಿದ್ದಾರೆ. ನಿಮ್ಮ ಮಾತಿನಲ್ಲಿ ಗಂಟೆಯ ಭಾಗವನ್ನು ಅವರೂ ಒಪ್ಪುತ್ತಾರೆ, ವೃತ್ತಿಯ ಆಯ್ಕೆಯ ಭಾಗವನ್ನಲ್ಲ: ಈಗ ಅಂತರದ ಬಹುಪಾಲು ಇರುವುದು ಒಂದೇ ವೃತ್ತಿಯೊಳಗೆ, ಅದು ಹುಟ್ಟುವುದು ಹೆಚ್ಚಾಗಿ ಮೊದಲ ಮಗುವಿನ ನಂತರ. ಯಾವ ಹೊತ್ತಿನಲ್ಲಿ ಕರೆದರೂ ಓಡಿ ಬರುವವರಿಗೆ ಎಷ್ಟೋ ವೃತ್ತಿಗಳು ಗಂಟೆಯ ಲೆಕ್ಕ ಮೀರಿ ಹಣ ಕೊಡುತ್ತವೆ. ಮನೆಯಲ್ಲಿ ಮಗುವಿದ್ದರೆ ಇಬ್ಬರಲ್ಲಿ ಒಬ್ಬರು ಮಾತ್ರ ಹಾಗೆ ಓಡಬಹುದು. ಮತ್ತೊಬ್ಬರು ಮನೆಯ ಕರೆಗೆ ಕಾಯಬೇಕು. ಆ ಮತ್ತೊಬ್ಬರು ಯಾರಾಗುತ್ತಾರೆ ಎಂಬುದನ್ನು ಈ ಚರ್ಚೆ ಶುರು ಮಾಡಿದವರು ಆಗಲೇ ಬರೆದಿದ್ದಾರೆ.

ರಾತ್ರಿ ದೀಪ:
ನಾನು ಆಸ್ಪತ್ರೆಯಲ್ಲಿ ದಾದಿ. ಅಂಕಿ ಅಂಶ ನನಗೆ ಗೊತ್ತಿಲ್ಲ, ಕಂಡದ್ದನ್ನು ಹೇಳುತ್ತೇನೆ.

ಮಗುವನ್ನು ಕರೆದುಕೊಂಡು ತಂದೆ ತಾಯಿ ಇಬ್ಬರೂ ಬರುತ್ತಾರೆ. ನಾನು ಕೇಳುತ್ತೇನೆ: ಜ್ವರ ಯಾವಾಗ ಶುರುವಾಯಿತು, ಯಾವ ಔಷಧ ಎಷ್ಟು ಕೊಟ್ಟಿರಿ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ, ಕಳೆದ ಲಸಿಕೆ ಯಾವಾಗ, ರಾತ್ರಿ ಎಷ್ಟು ಸಲ ಎದ್ದಿತು, ತೂಕ ಎಷ್ಟು. ತಂದೆ ಪ್ರೀತಿಯಿಂದ ಮಗುವನ್ನು ಎತ್ತಿಕೊಂಡೇ ಇರುತ್ತಾನೆ. ಆದರೆ ಪ್ರತಿ ಪ್ರಶ್ನೆಗೂ ಅವನ ಮುಖ ಹೆಂಡತಿಯ ಕಡೆ ತಿರುಗುತ್ತದೆ. ಅವಳು ಯಾವ ಚೀಟಿಯನ್ನೂ ನೋಡದೆ ಪಟಪಟನೆ ಹೇಳುತ್ತಾಳೆ. ಅವಳೂ ಬೆಳಗ್ಗೆಯಿಂದ ಕೆಲಸ ಮುಗಿಸಿ ಬಂದವಳೇ, ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿರುತ್ತದೆ.

ಈ ತಲೆಯೊಳಗಿನ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಪಾತ್ರೆ ತೊಳೆಯುವುದನ್ನು ಗಂಡ ಹಂಚಿಕೊಳ್ಳಬಹುದು, ಎಷ್ಟೋ ಜನ ಹಂಚಿಕೊಳ್ಳುತ್ತಾರೆ. ಸೋಪು ಯಾವಾಗ ಮುಗಿಯುತ್ತದೆ ಎಂದು ನೆನಪಿಡುವ ಕೆಲಸವನ್ನು ಹಂಚಿಕೊಂಡವರು ನನಗೆ ಸಿಕ್ಕಿಲ್ಲ.

ಬೆಳಗಿನ ಪಾಳಿ:
ರಾತ್ರಿ ದೀಪ ಮೇಡಂ, ಇದನ್ನೇ ನಾನು ಹೇಳಲು ತಡಕಾಡುತ್ತಿದ್ದೆ.

ಅಂಕಿಸಂಕಿ:
ಅದಕ್ಕೂ ಲೆಕ್ಕವಿದೆ ಮೇಡಂ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಮಹಿಳೆಯರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾರೆ, ಗಂಡಸರು 1 ಗಂಟೆ 23 ನಿಮಿಷ. ಇದು ಕೈಯಿಂದ ಮಾಡಿದ ಕೆಲಸದ ಲೆಕ್ಕ. ನೀವು ಹೇಳಿದ ನೆನಪಿಡುವ ಕೆಲಸ ಇದರೊಳಗೆ ಸರಿಯಾಗಿ ಸೇರುವುದೇ ಇಲ್ಲ. ಅದೇ ಸಂಸ್ಥೆ 2024ರಲ್ಲಿ ಹೇಳಿದ್ದು: ಆರೈಕೆಯ ಹೊಣೆಯಿಂದಾಗಿ ದುಡಿಮೆಯ ಲೋಕದಿಂದಲೇ ಹೊರಗುಳಿದ ಮಹಿಳೆಯರು 70.8 ಕೋಟಿ.

ಹಳೆ ಕಡತ:
ಮಾತು ಇಲ್ಲಿಗೆ ಬಂದ ಮೇಲೆ ಐಸ್‌ಲೆಂಡ್ ಕಥೆ ಹೇಳದೆ ಇರಲಾರೆ. ಕಾಣದ ಕೆಲಸವನ್ನು ಕಾಣಿಸಿದ ದಿನ ಅದು.

1975ರ ಅಕ್ಟೋಬರ್ 24, ಶುಕ್ರವಾರ. ಆ ದಿನ ದೇಶದ ಮಹಿಳೆಯರಲ್ಲಿ ಸುಮಾರು 90 ಪ್ರತಿಶತ ಮಂದಿ ಯಾವ ಕೆಲಸವನ್ನೂ ಮಾಡಲಿಲ್ಲ. ಕಚೇರಿಯದ್ದೂ ಇಲ್ಲ, ಮನೆಯದ್ದೂ ಇಲ್ಲ. ಅದನ್ನು ಮುಷ್ಕರ ಎಂದು ಕರೆದರೆ ಕೆಲವರು ಹಿಂಜರಿಯುತ್ತಾರೆ, ಮಾಲೀಕರು ಕೆಲಸದಿಂದ ತೆಗೆಯುತ್ತಾರೆ ಎಂದು "ಮಹಿಳೆಯರ ರಜಾದಿನ" ಎಂದೇ ಕರೆದರು. ಎಲ್ಲ ಪಕ್ಷದವರೂ ಎಲ್ಲ ವಯಸ್ಸಿನವರೂ ಬಂದರು. ರಾಜಧಾನಿಯ ಚೌಕದಲ್ಲಿ ಸುಮಾರು 25,000 ಮಂದಿ ಸೇರಿದರು. ಇಡೀ ದೇಶದ ಜನಸಂಖ್ಯೆಯೇ ಆಗ ಎರಡು ಲಕ್ಷದ ಆಸುಪಾಸು.

ದೂರವಾಣಿ ವಿನಿಮಯ ಕೇಂದ್ರಗಳು ಸ್ತಬ್ಧವಾದವು. ಬ್ಯಾಂಕಿನ ಕೌಂಟರಿನಲ್ಲಿ ಹಿರಿಯ ಅಧಿಕಾರಿಗಳೇ ಕೂತು ಹಣ ಎಣಿಸಿದರು. ಶಿಶುವಿಹಾರಗಳು ಮುಚ್ಚಿದ್ದವು, ತಂದೆಯರು ಮಕ್ಕಳನ್ನು ಕೆಲಸದ ಜಾಗಕ್ಕೇ ಕರೆದೊಯ್ದರು. ರೇಡಿಯೊದಲ್ಲಿ ವಾರ್ತೆ ಓದುವಾಗ ಹಿಂದೆ ಮಕ್ಕಳು ಆಡುವ ಸದ್ದು ದೇಶಕ್ಕೆಲ್ಲ ಕೇಳಿಸಿತು. ಬೇಗ ಬೇಯುತ್ತದೆ ಎಂದು ಎಲ್ಲ ತಂದೆಯರೂ ಸಾಸೇಜ್ ಕೊಳ್ಳಲು ಹೋಗಿ ಅಂಗಡಿಗಳಲ್ಲಿ ಅದು ಖಾಲಿಯಾಯಿತು.

ಮರುವರ್ಷ ಸಂಸತ್ತು ಸಮಾನತೆಯ ಕಾಯಿದೆ ತಂದಿತು. ಐದು ವರ್ಷಕ್ಕೆ, 1980ರಲ್ಲಿ, ಒಂಟಿ ತಾಯಿ ವಿಗ್ಡಿಸ್ ಫಿನ್‌ಬೊಗಾಡೊಟ್ಟಿರ್ ಮೂವರು ಗಂಡಸರನ್ನು ಸೋಲಿಸಿ ಅಧ್ಯಕ್ಷೆಯಾದರು. ಜನರೇ ಮತ ಹಾಕಿ ಆರಿಸಿದ ಜಗತ್ತಿನ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ ಅವರು. ಆ ರಜಾದಿನ ಇಲ್ಲದಿದ್ದರೆ ತಾನು ಅಲ್ಲಿಗೆ ಬರುತ್ತಿರಲಿಲ್ಲ ಎಂಬರ್ಥದ ಮಾತನ್ನು ಅವರೇ ಹೇಳಿದ್ದಾರೆ.

ನೇರನುಡಿ:
ಐಸ್‌ಲೆಂಡ್ ಈಗ ಸಮಾನತೆಯಲ್ಲಿ ಎಲ್ಲರಿಗಿಂತ ಮುಂದಿದೆಯಲ್ಲ? ಅಲ್ಲಿಯಾದರೂ ಮುಗಿಯಿತೇ?

ಹಳೆ ಕಡತ:
ಮುಗಿದಿಲ್ಲ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ತಾನು ಸಮಾನ ವೇತನ ಕೊಡುತ್ತಿದ್ದೇನೆ ಎಂದು ತಾನೇ ಸಾಬೀತು ಮಾಡಬೇಕು ಎಂಬ ಕಾಯಿದೆ ಅಲ್ಲಿ 2018ರಲ್ಲಿ ಜಾರಿಗೆ ಬಂತು. ಹಾಗಿದ್ದೂ 2023ರ ಅದೇ ಅಕ್ಟೋಬರ್ 24ರಂದು ಮತ್ತೆ ಇಡೀ ದಿನ ಕೆಲಸ ಬಿಟ್ಟರು. ಆಗಿನ ಪ್ರಧಾನಿ ಕಾತ್ರಿನ್ ಯಾಕೋಬ್ಸ್‌ಡೊಟ್ಟಿರ್ ಕೂಡ ಆ ದಿನ ಕೆಲಸ ಮಾಡಲಿಲ್ಲ.

ಮೈದಾನ:
ಸಮಾನ ವೇತನ ಎಂದಾಗ ಟೆನಿಸ್ ನೆನಪಾಯಿತು. ಅಮೆರಿಕನ್ ಓಪನ್ 1973ರಲ್ಲೇ ಬಹುಮಾನದ ಹಣ ಸಮಾನ ಮಾಡಿತು, ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಪಟ್ಟು ಹಿಡಿದಿದ್ದರಿಂದ. ವಿಂಬಲ್ಡನ್ ಅಲ್ಲಿಗೆ ಬಂದದ್ದು 2007ರಲ್ಲಿ.

ನೇರನುಡಿ:
ಅಲ್ಲಿ ಗಂಡಸರು ಐದು ಸೆಟ್ ಆಡುತ್ತಾರೆ, ಹೆಂಗಸರು ಮೂರು. ಕೆಲಸ ಸಮಾನವಲ್ಲ, ಹಣ ಮಾತ್ರ ಸಮಾನ ಬೇಕೇ?

ಮೈದಾನ:
ಐದು ಸೆಟ್ ಆಡಲು ಅವರಿಂದ ಆಗುವುದಿಲ್ಲವೆಂದು ಯಾರು ಹೇಳಿದರು? 1984ರಿಂದ 1998ರವರೆಗೆ ಮಹಿಳೆಯರ ವರ್ಷಾಂತ್ಯದ ಚಾಂಪಿಯನ್‌ಷಿಪ್ ಫೈನಲ್ ಐದು ಸೆಟ್‌ಗಳದ್ದೇ ಆಗಿತ್ತು. ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಎಷ್ಟು ಸೆಟ್ ಎಂದು ತೀರ್ಮಾನಿಸುವುದು ಆಟಗಾರ್ತಿಯರಲ್ಲ, ಆಯೋಜಕರು.

"ಅವರಿಂದಾಗದು" ಎಂಬ ಮಾತಿಗೆ ದೊಡ್ಡ ಇತಿಹಾಸವಿದೆ. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆಯಿತು. ಓಡಿದವರೆಲ್ಲ ಕುಸಿದು ಬಿದ್ದರೆಂದು ಪತ್ರಿಕೆಗಳು ಬಣ್ಣ ಕಟ್ಟಿ ಬರೆದವು. ಆ ಒಂದು ಸುಳ್ಳಿನಿಂದ 1960ರವರೆಗೆ ಆ ಓಟವನ್ನೇ ತೆಗೆದುಹಾಕಿದರು. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಎಷ್ಟು ತಲೆಮಾರಿನ ಓಟಗಾರ್ತಿಯರು ಓಡದೆಯೇ ವಯಸ್ಸು ಕಳೆದುಕೊಂಡರು ಎಂದು ಯೋಚಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಸುಮ್ಮನೆ ಓದುವವಳು:
ಕ್ರೀಡೆಗೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ವಿಷಯ ದಾರಿ ತಪ್ಪುತ್ತಿದೆ.

ಪ್ರಯೋಗಶಾಲೆ:
ದಾರಿ ತಪ್ಪಿಲ್ಲ. ಯಾರ ದೇಹವನ್ನು ಮಾದರಿಯೆಂದು ಹಿಡಿದು ಲೋಕವನ್ನು ಕಟ್ಟಿದ್ದಾರೆ ಎಂಬುದೂ ಇದೇ ವಿಷಯ.

ಝೋಲ್ಪಿಡೆಮ್ ಎಂಬ ನಿದ್ರೆ ಔಷಧಕ್ಕೆ ಅಮೆರಿಕದಲ್ಲಿ 1992ರಲ್ಲಿ ಅನುಮತಿ ಸಿಕ್ಕಿತು. ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣ, 10 ಮಿಲಿಗ್ರಾಂ. ಹೆಂಗಸರ ದೇಹದಿಂದ ಅದು ನಿಧಾನವಾಗಿ ಹೊರಹೋಗುತ್ತದೆ. ಹಾಗಾಗಿ ಬೆಳಗ್ಗೆ ಎದ್ದು ವಾಹನ ಓಡಿಸುವಾಗಲೂ ರಕ್ತದಲ್ಲಿ ಔಷಧ ಉಳಿದಿರುತ್ತಿತ್ತು. ಹೆಂಗಸರಿಗೆ ಪ್ರಮಾಣವನ್ನು ಅರ್ಧಕ್ಕಿಳಿಸುವಂತೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಹೇಳಿದ್ದು 2013ರಲ್ಲಿ. ಗರ್ಭ ಧರಿಸಬಲ್ಲ ವಯಸ್ಸಿನ ಮಹಿಳೆಯರನ್ನು ಔಷಧಗಳ ಆರಂಭಿಕ ಪರೀಕ್ಷೆಗಳಿಂದ ಹೊರಗಿಡಬೇಕೆಂದು 1977ರಲ್ಲಿ ಸೂಚಿಸಿದ್ದೂ ಅದೇ ಸಂಸ್ಥೆ. 1993ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು.

ಕಾರುಗಳ ಡಿಕ್ಕಿ ಪರೀಕ್ಷೆಯ ಬೊಂಬೆಯನ್ನೂ ದಶಕಗಳ ಕಾಲ ಸರಾಸರಿ ಗಂಡಸಿನ ಅಳತೆಯಲ್ಲೇ ಮಾಡಿದರು. ವರ್ಜೀನಿಯಾ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ, ಎದುರಿನಿಂದ ಡಿಕ್ಕಿಯಾದಾಗ ಸೀಟ್ ಬೆಲ್ಟ್ ಹಾಕಿದ್ದ ಮಹಿಳೆಗೆ ಗಂಭೀರ ಗಾಯವಾಗುವ ಸಾಧ್ಯತೆ ಗಂಡಸಿಗಿಂತ 73 ಪ್ರತಿಶತ ಹೆಚ್ಚು ಎಂದು ಕಂಡುಬಂತು. 2019ರ ಮಾರ್ಚ್‌ನಲ್ಲಿ ಇಬ್ಬರು ಮಹಿಳೆಯರೇ ನಡೆಸಬೇಕಿದ್ದ ಬಾಹ್ಯಾಕಾಶ ನಡಿಗೆಯನ್ನು ನಾಸಾ ಬದಲಿಸಿತು. ಮಧ್ಯಮ ಅಳತೆಯ ಎರಡು ಉಡುಪುಗಳು ಸಿದ್ಧವಿರಲಿಲ್ಲ ಎಂಬುದೇ ಕಾರಣ. ಆ ನಡಿಗೆ ನಡೆದದ್ದು ಅಕ್ಟೋಬರ್‌ನಲ್ಲಿ.

ಅಷ್ಟು ಎತ್ತರಕ್ಕೆ ಹೋಗುವುದೂ ಬೇಡ. ನಾನು ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆಯಲ್ಲಿ ರಬ್ಬರ್ ಕೈಗವಸು ನನ್ನ ಬೆರಳಿಗಿಂತ ಅರ್ಧ ಇಂಚು ಉದ್ದವಿತ್ತು. ಆಮ್ಲದ ಸೀಸೆ ಹಿಡಿದರೆ ಆ ಖಾಲಿ ತುದಿ ಮಡಚಿಕೊಂಡು ಸೀಸೆ ಜಾರುತ್ತಿತ್ತು. ಚಿಕ್ಕದು ತರಿಸಿಕೊಡಿ ಎಂದು ಅರ್ಜಿ ಕೊಟ್ಟರೆ ಮುಖ್ಯಸ್ಥರು ಹೇಳಿದ್ದು, "ಸ್ವಲ್ಪ ಹುಷಾರಾಗಿ ಹಿಡಿಯಮ್ಮ." ಕೈಗವಸು ತಪ್ಪು ಅಳತೆಯದ್ದು, ಬುದ್ಧಿಮಾತು ನನಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ನೇರನುಡಿ:
ಔಷಧದ ವಿಷಯ ನನಗೆ ಗೊತ್ತಿರಲಿಲ್ಲ. ಇಂಥ ಉದಾಹರಣೆ ಕೊಟ್ಟರೆ ಆ ಹುಡುಗನಿಗೂ ಅರ್ಥವಾಗುತ್ತದೆ, ಘೋಷಣೆಯಿಂದ ಆಗುವುದಿಲ್ಲ.

ಕಾನೂನು ವಿದ್ಯಾರ್ಥಿನಿ:
ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು. ಗೆದ್ದ ಹಕ್ಕು ಹಾಗೇ ಉಳಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಉಳಿಯುವುದಿಲ್ಲ.

ಅಫ್ಘಾನಿಸ್ತಾನದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು 1919ರಲ್ಲೇ ಬಂದಿತ್ತು, ಅಮೆರಿಕಕ್ಕಿಂತ ಒಂದು ವರ್ಷ ಮೊದಲು. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆ ಒಪ್ಪಂದವನ್ನು, ಅಂದರೆ 1979ರಲ್ಲಿ ಅಂಗೀಕಾರವಾದ ಸೀಡಾ ಒಪ್ಪಂದವನ್ನು, ಅದು 2003ರಲ್ಲಿ ಒಪ್ಪಿಕೊಂಡಿತು. ಅಮೆರಿಕ 1980ರಲ್ಲಿ ಸಹಿ ಹಾಕಿದ್ದರೂ ಇಂದಿನವರೆಗೆ ಸ್ಥಿರೀಕರಿಸಿಲ್ಲ, ಅಂದರೆ ಅದಕ್ಕೆ ಕಾನೂನುಬದ್ಧವಾಗಿ ಒಳಪಟ್ಟಿಲ್ಲ. ಕಾಗದದ ಮೇಲೆ ನೋಡಿದರೆ ಅಫ್ಘಾನಿಸ್ತಾನವೇ ಮುಂದು. ಆದರೆ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂತು. ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆ ಮುಚ್ಚಿತು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವೂ ಮುಚ್ಚಿತು. ವೈದ್ಯಕೀಯ ಓದುತ್ತಿದ್ದವರು ಪರೀಕ್ಷೆಯ ನಡುವೆಯೇ ಮನೆಗೆ ಮರಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಅದೊಂದೇ ದೇಶ" ಎನ್ನುವವರಿಗೆ: ಮಹಿಳೆಯರ ಮೇಲಿನ ಹಿಂಸೆ ತಡೆಯುವ ಯುರೋಪಿನ ಒಪ್ಪಂದಕ್ಕೆ ಟರ್ಕಿಯ ಇಸ್ತಾಂಬುಲ್ ನಗರದ ಹೆಸರೇ ಇದೆ, 2011ರಲ್ಲಿ ಅಲ್ಲಿಯೇ ಸಹಿಗೆ ತೆರೆದದ್ದು. ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ಟರ್ಕಿಯೇ 2021ರಲ್ಲಿ ಅಧ್ಯಕ್ಷರ ಒಂದು ಆದೇಶದಿಂದ ಹೊರಬಂತು. ಅಮೆರಿಕದಲ್ಲಿ ಸುಮಾರು ಐವತ್ತು ವರ್ಷ ಸಂವಿಧಾನದ ಹಕ್ಕೆನಿಸಿದ್ದ ಗರ್ಭಪಾತದ ಹಕ್ಕನ್ನು 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು.

ಹೊಳೆದಂಡೆ:
ಎದುರು ದಿಕ್ಕಿನಲ್ಲೂ ನಡೆದಿದೆ. ಐರ್ಲೆಂಡ್ 2018ರಲ್ಲಿ ಜನಮತದಿಂದ ಗರ್ಭಪಾತದ ನಿಷೇಧ ತೆಗೆಯಿತು. ಅರ್ಜೆಂಟೀನಾ 2020ರ ಕೊನೆಯಲ್ಲಿ ಕಾಯಿದೆ ಮಾಡಿತು. ಗ್ಯಾಂಬಿಯಾದಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನಕ್ಕೆ 2015ರಿಂದ ನಿಷೇಧವಿದೆ. ಅದನ್ನು ರದ್ದು ಮಾಡುವ ಮಸೂದೆ 2024ರಲ್ಲಿ ಸಂಸತ್ತಿಗೆ ಬಂತು. ಚಿಕ್ಕಂದಿನಲ್ಲಿ ಆ ನೋವು ಉಂಡ ಮಹಿಳೆಯರೇ ಮುಂದೆ ಬಂದು ವಿರೋಧಿಸಿದರು. ಜುಲೈನಲ್ಲಿ ಮಸೂದೆ ಬಿದ್ದುಹೋಯಿತು. ಕಣ್ಣಿಟ್ಟು ಕಾಯುವವರಿದ್ದರೆ ಹಕ್ಕು ಉಳಿಯುತ್ತದೆ.

ದಾರಿಹೋಕ:
ಕ್ಷಮಿಸಿ, ಆದರೆ ಇದೆಲ್ಲ ಪಶ್ಚಿಮದ ದೇಶಗಳು ಹೊರಗಿನಿಂದ ಹೇರಿದ ವಿಚಾರ. ಬೇರೆ ಸಮಾಜಗಳಿಗೆ ಅವುಗಳದ್ದೇ ರೀತಿ ಇದೆ.

ಹಳೆ ಕಡತ:
ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಆ ಸಮಾಜಗಳ ಹೆಂಗಸರು ತಮ್ಮ ಪ್ರಾಣ ಒತ್ತೆಯಿಟ್ಟು ಮಾಡಿದ್ದನ್ನೆಲ್ಲ ಬೇರೆಯವರ ಹೆಸರಿಗೆ ಬರೆದುಬಿಡುತ್ತದೆ ಇದು.

1929ರಲ್ಲಿ ನೈಜೀರಿಯಾದ ಆಗ್ನೇಯ ಭಾಗದಲ್ಲಿ, ತಮ್ಮ ಮೇಲೂ ತೆರಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಸಾವಿರಾರು ಮಹಿಳೆಯರು ಬ್ರಿಟಿಷರು ನೇಮಿಸಿದ ಮುಖಂಡರ ಮನೆಗಳನ್ನು ಸುತ್ತುವರಿದು ಹಾಡಿ ಕುಣಿದು ದಿಗ್ಬಂಧನ ಹಾಕಿದರು. ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ ಐವತ್ತಕ್ಕೂ ಹೆಚ್ಚು ಮಹಿಳೆಯರನ್ನು ಕೊಂದವು. ಪಶ್ಚಿಮ ಆ ಕಥೆಯಲ್ಲಿ ಯಾವ ಕಡೆ ನಿಂತಿತ್ತು ನೋಡಿ.

ಟ್ಯುನೀಸಿಯಾ ಬಹುಪತ್ನಿತ್ವ ನಿಷೇಧಿಸಿದ್ದು 1956ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ. ಜಗತ್ತಿನ ಮೊದಲ ಮಹಿಳಾ ಪ್ರಧಾನಿ 1960ರಲ್ಲಿ ಶ್ರೀಲಂಕಾದ ಸಿರಿಮಾವೊ ಬಂಡಾರನಾಯಿಕೆ. ಆಗ ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರದ ಚುನಾವಣೆಯಲ್ಲಿ ಮತವೂ ಇರಲಿಲ್ಲ.

ಇನ್ನು 2003ರ ಲೈಬೀರಿಯಾ. ಅಂತರ್ಯುದ್ಧ ನಿಲ್ಲಿಸಿ ಎಂದು ಕ್ರೈಸ್ತ ಮತ್ತು ಮುಸ್ಲಿಂ ಮಹಿಳೆಯರು ಬಿಳಿ ಬಟ್ಟೆ ಉಟ್ಟು ಒಟ್ಟಿಗೆ ಕೂತರು. ಶಾಂತಿ ಮಾತುಕತೆ ಘಾನಾದ ಅಕ್ರಾದಲ್ಲಿ ಎಳೆಯುತ್ತ ಹೋದಾಗ ಲೆಮಾ ಬೋವೀ ಮತ್ತು ಸಂಗಾತಿಗಳು ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ತೋಳು ಹೆಣೆದು ಕೂತು, ಒಪ್ಪಂದವಾಗದೆ ಯಾರೂ ಹೊರಗೆ ಹೋಗುವಂತಿಲ್ಲ ಎಂದರು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಬೋವೀ ಅವರಿಗೆ 2011ರಲ್ಲಿ ಶಾಂತಿ ನೊಬೆಲ್ ಬಂತು.

ಹೊಳೆದಂಡೆ:
ಇರಾನನ್ನೂ ಸೇರಿಸಿ. 2022ರಲ್ಲಿ ಮಹ್ಸಾ ಅಮೀನಿ ಎಂಬ ಯುವತಿ, ಉಡುಪಿನ ನಿಯಮ ಕಾಯುವ ನೈತಿಕ ಪೊಲೀಸರ ವಶದಲ್ಲಿದ್ದಾಗ ಪ್ರಜ್ಞೆ ತಪ್ಪಿ ಸತ್ತ ಮೇಲೆ "ಮಹಿಳೆ, ಬದುಕು, ಸ್ವಾತಂತ್ರ್ಯ" ಎಂದು ಬೀದಿಗಿಳಿದವರು ಅಲ್ಲಿಯ ಮಹಿಳೆಯರು, ಶಾಲಾ ಹುಡುಗಿಯರು. ಅವರಿಗೆ ಅದನ್ನು ಯಾರೂ ಹೊರಗಿನಿಂದ ಹೇಳಿಕೊಟ್ಟಿರಲಿಲ್ಲ.

ನೇರನುಡಿ:
ಶ್ರೀಲಂಕಾದ ಮಾತು ಬಂದದ್ದರಿಂದ ಕೇಳುತ್ತೇನೆ. ಮಹಿಳೆಯೊಬ್ಬಳು ಪ್ರಧಾನಿಯಾದರೆ ಸಾಮಾನ್ಯ ಮಹಿಳೆಗೆ ಏನು ಸಿಕ್ಕಂತಾಯಿತು? ಸಂಸತ್ತಿನಲ್ಲಿ ಮೀಸಲಾತಿ ಕೊಡುವುದೂ ಮೂಗಿಗೆ ತುಪ್ಪ ಸವರಿದಂತೆಯೇ.

ಅಂಕಿಸಂಕಿ:
ಒಬ್ಬಳಿಂದ ಹೆಚ್ಚೇನೂ ಆಗುವುದಿಲ್ಲ, ಅದು ನಿಜ. ಸಂಖ್ಯೆ ಬೇಕು. ಅರ್ಜೆಂಟೀನಾ 1991ರಲ್ಲಿ ಪಕ್ಷಗಳ ಅಭ್ಯರ್ಥಿಗಳ ಪಟ್ಟಿಯಲ್ಲಿ ಕನಿಷ್ಠ 30 ಪ್ರತಿಶತ ಮಹಿಳೆಯರು ಇರಲೇಬೇಕೆಂದು ಕಾಯಿದೆ ಮಾಡಿತು. ಗೆಲ್ಲಬಹುದಾದ ಜಾಗದಲ್ಲೇ ಅವರನ್ನು ಇಡಬೇಕು, ಪಟ್ಟಿಯ ಕೊನೆಯಲ್ಲಿ ಅಲ್ಲ ಎಂದೂ ಹೇಳಿತು. ಆ ಒಂದು ವಾಕ್ಯದಲ್ಲೇ ಕಾಯಿದೆಯ ಜೀವ ಇರುವುದು. ರುವಾಂಡಾದಲ್ಲಿ ಕೆಳಮನೆಯ 60 ಪ್ರತಿಶತಕ್ಕೂ ಹೆಚ್ಚು ಮಹಿಳೆಯರು. ಜಗತ್ತಿನ ಸರಾಸರಿ ಇನ್ನೂ 27ರ ಸುತ್ತಮುತ್ತ.

ದಾರಿಹೋಕ:
ರುವಾಂಡಾದಲ್ಲಿ ವಿರೋಧ ಪಕ್ಷಕ್ಕೇ ಉಸಿರಿಲ್ಲ. ಅಲ್ಲಿ ಸೀಟು ತುಂಬಿದರೇನು?

ಅಂಕಿಸಂಕಿ:
ಆ ಆಕ್ಷೇಪ ಸರಿ. ಸೀಟು ಬೇರೆ, ಅಧಿಕಾರ ಬೇರೆ. ಪ್ರಜಾಪ್ರಭುತ್ವ ಕುಗ್ಗಿದ ಕಡೆ ಗಂಡು ಹೆಣ್ಣು ಇಬ್ಬರ ಹಕ್ಕೂ ಕುಗ್ಗುತ್ತದೆ.

ತಂದೆಯೊಬ್ಬ:
ಇಷ್ಟು ಹೊತ್ತು ಓದುತ್ತಿದ್ದೆ. ಗಂಡಸಾಗಿ ಒಂದು ಮಾತು ಸೇರಿಸುತ್ತೇನೆ.

ಮಗು ಹುಟ್ಟಿದಾಗ ನಮ್ಮ ಸಂಸ್ಥೆಯ ನಿಯಮದಲ್ಲಿ ತಂದೆಗೆ ರಜೆ ಇತ್ತು. ಅರ್ಜಿ ಕೊಡಲು ಹೋದೆ. ಮೇಲಧಿಕಾರಿ ಬೇಡ ಎನ್ನಲಿಲ್ಲ. "ಮನೆಯಲ್ಲಿ ಬೇರೆ ಯಾರೂ ಇಲ್ಲವೇ?" ಎಂದು ಮಾತ್ರ ಕೇಳಿದರು. ಸುತ್ತಲಿದ್ದವರು ತಲೆ ತಗ್ಗಿಸಿ ಕಂಪ್ಯೂಟರ್ ನೋಡತೊಡಗಿದರು. ಆ ಒಂದು ಪ್ರಶ್ನೆಯ ಮುಂದೆ ನಿಯಮದ ಪುಸ್ತಕ ಲೆಕ್ಕಕ್ಕೆ ಬರಲಿಲ್ಲ. ನಾನು ಪಟ್ಟು ಬಿಡದೆ ರಜೆ ತೆಗೆದುಕೊಂಡೆ, ಮುಂದಿನ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಆದರೆ ರಾತ್ರಿ ದೀಪ ಅವರು ಕೇಳುವ ಅಷ್ಟೂ ಪ್ರಶ್ನೆಗೆ ಇವತ್ತು ನಾನೂ ಚೀಟಿ ನೋಡದೆ ಉತ್ತರ ಹೇಳಬಲ್ಲೆ. ಅದು ರಕ್ತದಿಂದ ಬಂದ ಜ್ಞಾನವಲ್ಲ. ಮಗುವಿನ ಜೊತೆ ಒಬ್ಬನೇ ಇದ್ದ ಹಗಲುಗಳಲ್ಲಿ ಕಲಿತದ್ದು.

ನಾರ್ವೆ 1993ರಲ್ಲಿ ಒಂದು ಕೆಲಸ ಮಾಡಿತು. ಹೆತ್ತವರ ರಜೆಯಲ್ಲಿ ನಾಲ್ಕು ವಾರ ತಂದೆಗೇ ಮೀಸಲು, ಅವನು ತೆಗೆದುಕೊಳ್ಳದಿದ್ದರೆ ಅದು ಹೋಯಿತು, ತಾಯಿಗೆ ವರ್ಗವಾಗುವುದಿಲ್ಲ. ಅದಕ್ಕೆ ಮೊದಲು ರಜೆ ಹಾಕುತ್ತಿದ್ದ ತಂದೆಯರು ಬೆರಳೆಣಿಕೆಯಷ್ಟು. ಕೆಲವೇ ವರ್ಷಗಳಲ್ಲಿ ಬಹುಪಾಲು ತಂದೆಯರು ಹಾಕತೊಡಗಿದರು. ಎಲ್ಲರೂ ಹಾಕಿದಾಗ ಆ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಜಪಾನಿನಲ್ಲಿ ತಂದೆಗೆ ಸಿಗುವ ರಜೆ ಜಗತ್ತಿನಲ್ಲೇ ಉದಾರವಾದದ್ದು. ಆದರೂ 2019ರಲ್ಲಿ ಅದನ್ನು ಬಳಸಿದ ತಂದೆಯರು ನೂರಕ್ಕೆ ಏಳೆಂಟು ಮಂದಿ. ಸರ್ಕಾರ ಸಂಸ್ಥೆಗಳ ಬೆನ್ನು ಹತ್ತಿದ ಮೇಲೆ 2023ರ ಹೊತ್ತಿಗೆ ಅದು 30 ದಾಟಿತು.

ರಾತ್ರಿ ದೀಪ:
ತಂದೆಯೊಬ್ಬ ಅವರೇ, ನಿಮ್ಮಂಥವರು ಹೆಚ್ಚಲಿ. ಬಡ್ತಿಯ ವಿಷಯ ಓದಿ ನೋವಾಯಿತು. ತಾಯಂದಿರಿಗೆ ಮೊದಲಿನಿಂದ ಆಗುತ್ತಿದ್ದುದು ನಿಮಗೂ ಆಗಿದೆ.

ನೇರನುಡಿ:
ಇಲ್ಲಿ ನನ್ನ ಪ್ರಶ್ನೆ ಬರುತ್ತದೆ. ತಂದೆಗೆ ಪಾಲನೆ ಬರುತ್ತದೆ ಎಂದು ಒಪ್ಪುವುದಾದರೆ ವಿಚ್ಛೇದನದಲ್ಲಿ ಮಗುವನ್ನು ತಾಯಿಗೇ ಕೊಡುವ ರೂಢಿಯನ್ನೂ ಪ್ರಶ್ನಿಸಿ. ಚಳವಳಿಯವರು ಅದಕ್ಕೆ ತಯಾರೇ?

ಕಾನೂನು ವಿದ್ಯಾರ್ಥಿನಿ:
ನಾನು ತಯಾರು. ಪಾಲನೆ ಹೆಣ್ಣಿನ ಸಹಜ ಗುಣ ಎಂಬ ನಂಬಿಕೆಯೇ ನಿಮ್ಮನ್ನು ನ್ಯಾಯಾಲಯದಲ್ಲಿ ಸೋಲಿಸುವುದು, ನಮ್ಮನ್ನು ಕಚೇರಿಯಲ್ಲಿ ಸೋಲಿಸುವುದು. ಮಗುವಿನ ಹಿತವನ್ನು ಮೊದಲು ನೋಡಲಿ, ದಿನನಿತ್ಯ ಯಾರು ನೋಡಿಕೊಂಡಿದ್ದಾರೆ ಎಂಬುದನ್ನು ತೂಗಲಿ. ಆದರೆ ಹಿಂಸೆ ನಡೆದ ಮನೆಯಲ್ಲಿ ಜಂಟಿ ಪಾಲನೆ ಎಂಬುದು ತಾಯಿಯನ್ನು ಮತ್ತೆ ಅದೇ ಕೈಗೆ ಒಪ್ಪಿಸುವ ದಾರಿಯಾಗಬಾರದು. ಇದನ್ನು ನೀವು ಒಪ್ಪುತ್ತೀರಾ?

ನೇರನುಡಿ:
ಹಿಂಸೆ ಇದ್ದ ಕಡೆ ಒಪ್ಪುತ್ತೇನೆ. ಅದರ ಬಗ್ಗೆ ಎರಡು ಮಾತಿಲ್ಲ.

ಪ್ರಯೋಗಶಾಲೆ:
ಕೌಶಲದ ಬೆಲೆಯ ಬಗ್ಗೆ ಯಾರೂ ಬರೆದಿಲ್ಲ. 1968ರಲ್ಲಿ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್‌ನಲ್ಲಿ ಫೋರ್ಡ್ ಕಾರ್ಖಾನೆಯ ಸೀಟಿನ ಹೊದಿಕೆ ಹೊಲಿಯುವ ಮಹಿಳೆಯರು ಕೆಲಸ ನಿಲ್ಲಿಸಿದರು. ಅವರ ಹೊಲಿಗೆಯನ್ನು ಕೌಶಲವಿಲ್ಲದ ಕೆಲಸ ಎಂದು ವರ್ಗೀಕರಿಸಿದ್ದೇ ಕಾರಣ. ಸೀಟಿಲ್ಲದೆ ಕಾರು ಹೊರಬರುವುದಿಲ್ಲ, ಇಡೀ ಕಾರ್ಖಾನೆ ನಿಂತಿತು. ಸಂಬಳ ಗಂಡಸರದ್ದರ 92 ಪ್ರತಿಶತಕ್ಕೆ ಏರಿತು, 1970ರ ಸಮಾನ ವೇತನ ಕಾಯಿದೆಗೂ ಅದೇ ಪ್ರೇರಣೆಯಾಯಿತು. ಆದರೆ ಅವರು ಮೂಲದಲ್ಲಿ ಕೇಳಿದ್ದು, ಅಂದರೆ ತಮ್ಮದು ಕೌಶಲದ ಕೆಲಸ ಎಂಬ ಮನ್ನಣೆ, ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ. ಕಾಯಿದೆ ಬಂದು ಹದಿನಾಲ್ಕು ವರ್ಷವಾಗಿತ್ತು. ಆ ಹುಡುಗನಿಗೆ ನಾನು ಹೇಳುವುದಾದರೆ ಇದೊಂದನ್ನೇ ಹೇಳುತ್ತೇನೆ.

ಸುಮ್ಮನೆ ಓದುವವಳು:
ಒಂದು ಸಂದೇಹ. ಅಫ್ಘಾನಿಸ್ತಾನದ ಮೇಲೆ ಯಾರಾದರೂ ಏನಾದರೂ ಮಾಡುತ್ತಿದ್ದಾರೆಯೇ, ಅಥವಾ ಖಂಡನಾ ನಿರ್ಣಯಗಳು ಮಾತ್ರವೇ?

ಕಾನೂನು ವಿದ್ಯಾರ್ಥಿನಿ:
ಎರಡು ದಾರಿ ತೆರೆದಿವೆ. ಸೀಡಾ ಒಪ್ಪಂದ ಉಲ್ಲಂಘಿಸಿದ್ದಕ್ಕೆ ಅಫ್ಘಾನಿಸ್ತಾನವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯುವ ಪ್ರಕ್ರಿಯೆ ಆರಂಭಿಸುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ, ಕೆನಡಾ, ಜರ್ಮನಿ ಮತ್ತು ನೆದರ್‌ಲೆಂಡ್ಸ್ ಘೋಷಿಸಿದವು. ಇನ್ನೊಂದು, ಲಿಂಗದ ಆಧಾರದ ಮೇಲೆ ಕಿರುಕುಳ ಕೊಟ್ಟದ್ದು ಮಾನವತೆಯ ವಿರುದ್ಧದ ಅಪರಾಧ ಎಂದು 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತಾಲಿಬಾನ್‌ನ ಸರ್ವೋಚ್ಚ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿಯ ವಿರುದ್ಧ ಬಂಧನದ ವಾರಂಟ್ ಹೊರಡಿಸಿತು.

ದಾರಿಹೋಕ:
ಅವರನ್ನು ಹಿಡಿದು ತರುವವರು ಯಾರು? ಹಲ್ಲಿಲ್ಲದ ನ್ಯಾಯಾಲಯ ಅದು.

ಕಾನೂನು ವಿದ್ಯಾರ್ಥಿನಿ:
ಅದಕ್ಕೆ ಸ್ವಂತ ಪೊಲೀಸರಿಲ್ಲ, ನಿಜ. ಆದರೆ ಆ ನ್ಯಾಯಾಲಯದ ಸದಸ್ಯ ದೇಶಗಳು 120ಕ್ಕೂ ಹೆಚ್ಚು. ಈ ಇಬ್ಬರು ಅವುಗಳಲ್ಲಿ ಯಾವುದಕ್ಕೆ ಕಾಲಿಟ್ಟರೂ ಬಂಧಿಸುವುದು ಆ ದೇಶದ ಕರ್ತವ್ಯ, ಮಾಡದಿದ್ದರೆ ಯಾಕೆಂದು ಉತ್ತರ ಕೊಡಬೇಕು. ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಹುಡುಗಿಯರಿಗೆ ಶಾಲೆ ಮುಚ್ಚಿದ್ದನ್ನು ಒಂದು ದೇಶದ ಒಳಗಿನ ರೀತಿ ರಿವಾಜು ಎಂದು ಬಿಡದೆ, ಅಪರಾಧಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇದಕ್ಕೆ ಬೇಕಾದ ಸಾಕ್ಷ್ಯ ಹೇಳುತ್ತಿರುವವರಲ್ಲಿ ಆ ದೇಶದ ಮಹಿಳೆಯರೇ ಮುಂದಿದ್ದಾರೆ, ಕೆಲವರು ದೇಶ ಬಿಟ್ಟು ಬಂದವರು, ಕೆಲವರು ಇನ್ನೂ ಅಲ್ಲೇ ಇದ್ದು ಹೆಸರು ಮುಚ್ಚಿಟ್ಟುಕೊಂಡವರು.